ಪೆಟ್ಟಿಗೆಯೊಳಗೇ ಉಳಿದ ಬೀಗದ ಕೈ

ಹೊಸ ಕಂಪ್ಯೂಟರ್ ಕೊಂಡವರನ್ನು ‘ಬ್ಯಾಕಪ್ ಮಾಡಿಕೊಂಡಿರಾ?’ ಎಂದು ಕೇಳಿ ನೋಡಿ. ‘ಅದರಲ್ಲೇ ರಿಕವರಿ ಪಾರ್ಟಿಷನ್ ಇದೆಯಲ್ಲ!’ ಎನ್ನುತ್ತಾರೆ. ಯಂತ್ರ ಕೆಟ್ಟರೆ ಮತ್ತೆ ಸರಿಪಡಿಸಿಕೊಳ್ಳಲೆಂದು ಹಾರ್ಡ್‌ಡಿಸ್ಕಿನಲ್ಲೇ ತೆಗೆದಿಟ್ಟ ಭಾಗ ಅದು. ಈ ಮಾತು ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ. ಒಂದು ಕಾಲದಲ್ಲಿ ನಾನೂ ಹಾಗೆಯೇ ನಂಬಿದ್ದೆ. ಸಿಟ್ಟಿಗೆ ಅದೇ ಕಾರಣವಿದ್ದೀತು. ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಎನ್ನತೊಡಗಿದ ದಿನ ರಿಕವರಿ ಕೀಲಿ ಒತ್ತಿ ಕಾದು ಕುಳಿತೆ. ಪರದೆ ಕಪ್ಪಾಗಿಯೇ ಉಳಿಯಿತು. ಕಾಪಾಡಬೇಕಾದ ಪಾರ್ಟಿಷನ್ ಕೂಡ ಅದೇ ಸಾಯುತ್ತಿದ್ದ ಡಿಸ್ಕಿನ ಮೇಲಿತ್ತು.

ಪಾರ್ಟಿಷನ್ ಎಂದರೆ ಡಿಸ್ಕಿನೊಳಗೆ ಎಬ್ಬಿಸಿದ ಗೋಡೆಯಲ್ಲ. ಎರಡು ಹೊಲಗಳ ನಡುವಿನ ಬದುವಾದರೂ ಕಾಲಿಗೆ ತಾಗುತ್ತದೆ. ಇಲ್ಲಿ ಬದು ಇರುವುದು ದಾಖಲೆಯಲ್ಲಿ ಮಾತ್ರ. ಈ ದಾಖಲೆಯ ಮೂಲ 1983ರ ಐಬಿಎಂ ಪಿಸಿ ಎಕ್ಸ್‌ಟಿ ಎಂಬ ಕಂಪ್ಯೂಟರ್ ಮತ್ತು ಅದರ ಆಪರೇಟಿಂಗ್ ಸಿಸ್ಟಂ ಡಾಸ್ 2.0ರ ಕಾಲದ್ದು. ಆ ಯಂತ್ರದ ಹಾರ್ಡ್‌ಡಿಸ್ಕ್ 10 ಎಂಬಿ. ಇಂದಿನ ಮೊಬೈಲ್ ಫೋಟೊ ಮೂರು ಹಿಡಿಸಿದರೆ ಹೆಚ್ಚು. ಆ ಗೇಣುದ್ದದ ಜಾಗವನ್ನೂ ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳು ಪಾಲು ಮಾಡಿಕೊಳ್ಳಬಹುದಿತ್ತು. ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ 64 ಬೈಟ್ ಈ ಪಾಲುಪಟ್ಟಿಗೆ ಮೀಸಲು: ನಾಲ್ಕು ಸಾಲು, ಸಾಲಿಗೆ 16 ಬೈಟ್. ಎಲ್ಲಿಂದ ಶುರು, ಎಷ್ಟು ಉದ್ದ, ಯಾವ ಬಗೆ ಎಂದಷ್ಟೇ ಅಲ್ಲಿರುತ್ತದೆ. ಬಗೆಯನ್ನು ಹೇಳುವುದು ಒಂದೇ ಒಂದು ಬೈಟ್. ಅಲ್ಲಿ 07 ಇದ್ದರೆ ಸಾಮಾನ್ಯ ವಿಂಡೋಸ್ ಪಾರ್ಟಿಷನ್, 27 ಇದ್ದರೆ ರಿಕವರಿ. 27 ಕಂಡರೆ ವಿಂಡೋಸ್ ಅದಕ್ಕೆ ಸಿ, ಡಿ ಎಂಬಂಥ ಡ್ರೈವ್ ಅಕ್ಷರ ಕೊಡುವುದಿಲ್ಲ, ನಮ್ಮ ಕಣ್ಣಿಗೂ ಬೀಳಿಸುವುದಿಲ್ಲ. ‘ಗುಪ್ತ ವಿಭಾಗ’ ಎಂದು ಜನ ಭಯಭಕ್ತಿಯಿಂದ ಹೇಳುವುದರ ಹಿಂದಿನ ಮಾಯೆ ಇಷ್ಟೇ: ಬಾಗಿಲಿಗೆ ಅಂಟಿಸಿದ ಚೀಟಿ. ಬೀಗವೂ ಇಲ್ಲ, ಕಾವಲೂ ಇಲ್ಲ.

ಹೊಸ ಯಂತ್ರಗಳಲ್ಲಿ ಈ ಪಟ್ಟಿಯ ಜಾಗಕ್ಕೆ ಜಿಪಿಟಿ (ಜಿಯುಐಡಿ ಪಾರ್ಟಿಷನ್ ಟೇಬಲ್) ಎಂಬ ಹೊಸ ಬಗೆಯ ಪಾಲುಪಟ್ಟಿ ಬಂದಿದೆ. ಸಾಮಾನ್ಯವಾಗಿ 128 ಸಾಲುಗಳು, ಬಗೆಯ ಗುರುತಿಗೇ 16 ಬೈಟ್. ಪಟ್ಟಿಯ ಇನ್ನೊಂದು ಪ್ರತಿಯೂ ಇರುತ್ತದೆ. ಎಲ್ಲಿ? ಅದೇ ಡಿಸ್ಕಿನ ಕೊನೆಯಲ್ಲಿ! ಮೊದಲ ಪುಟ ಹರಿದರೆ ಕೊನೆಯ ಪುಟ ನೋಡಿಕೊಳ್ಳಬಹುದು, ಸರಿ, ಪುಸ್ತಕವೇ ಸುಟ್ಟರೆ?

ಅಂದಹಾಗೆ, 1 ಟಿಬಿ ಡಿಸ್ಕ್ 931 ಜಿಬಿ ಎಂದು ತೋರಿಸುವುದಕ್ಕೆ ರಿಕವರಿ ಪಾರ್ಟಿಷನ್ ಕಾರಣವಲ್ಲ. ತಯಾರಕರು ಎಣಿಸುವುದು ಸಾವಿರದ ಲೆಕ್ಕದಲ್ಲಿ, ವಿಂಡೋಸ್ ಎಣಿಸುವುದು 1024ರ ಲೆಕ್ಕದಲ್ಲಿ. ‘ನುಂಗಿದ ಜಾಗ’ ವಾಪಸ್ ಬರಲೆಂದು ಪಾರ್ಟಿಷನ್ ಅಳಿಸಿದವರಿಗೆ ಅದು ಸಿಕ್ಕದು.

ಪಾರ್ಟಿಷನ್ ಸುಸ್ಥಿತಿಯಲ್ಲಿದ್ದರೂ ಯಂತ್ರವನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸಿದರೆ ಸಿಗುವುದು ಪೆಟ್ಟಿಗೆ ತೆರೆದ ದಿನದ ಕಂಪ್ಯೂಟರ್. ನೀವು ತುಂಬಿಸಿದ್ದ ಫೋಟೊ, ಪತ್ರಗಳು ಅದರ ಲೆಕ್ಕದಲ್ಲಿ ಎಂದೂ ಇರಲೇ ಇಲ್ಲ.

ಹಾರ್ಡ್‌ಡಿಸ್ಕ್ ಸತ್ತರೆ ರಿಕವರಿ ಪಾರ್ಟಿಷನ್ನೂ ಸಾಯುತ್ತದೆಂದೇ ಹಿಂದೆ ‘ಮೊದಲ ದಿನವೇ ರಿಕವರಿ ಡಿಸ್ಕ್ ಬರೆದುಕೊಳ್ಳಿ’ ಎನ್ನುತ್ತಿದ್ದರು, ಎಂದರೆ ಅದರ ಪ್ರತಿಯನ್ನು ಡಿವಿಡಿಗಳಿಗೆ ಇಳಿಸಿಕೊಳ್ಳಿ ಎಂದು. ಒಂದು ಪದರದ ಡಿವಿಡಿಯಲ್ಲಿ ಹಿಡಿಯುವುದು 4.7 ಜಿಬಿ, ಹಾಗಾಗಿ ಒಂದರ ಮೇಲೊಂದು ಹಾಕುತ್ತಾ ಕೂರಬೇಕಿತ್ತು. ಕಂಪನಿ ಅಚ್ಚೊತ್ತಿದ ಡಿಸ್ಕಿನಲ್ಲಿ ಮಾಹಿತಿ ಪ್ಲಾಸ್ಟಿಕ್ಕಿನಲ್ಲೇ ಮೂಡಿದ ಕುಳಿಗಳ ರೂಪದಲ್ಲಿರುತ್ತದೆ, ಕಲ್ಲಿನ ಶಾಸನದಂತೆ. ಒಮ್ಮೆ ಮಾತ್ರ ಬರೆಯಬಹುದಾದ ಮನೆಯ ಡಿಸ್ಕಿನಲ್ಲಿ ಲೇಸರ್ ಸುಡುವುದು ಒಂದು ಬಣ್ಣದ ಪದರವನ್ನು. ಬಣ್ಣ ಬಿಸಿಲಿಗೆ ಮಾಸುತ್ತದೆ. ಕಿಟಕಿಯ ಮೇಲೆ ವರ್ಷಗಟ್ಟಲೆ ಇಟ್ಟ ಡಿಸ್ಕ್ ಓದದಿದ್ದರೆ ಡ್ರೈವನ್ನು ಬೈಯಬೇಡಿ.

ಈಗ ಹೆಚ್ಚಿನ ಯಂತ್ರಗಳಲ್ಲಿ ಡಿವಿಡಿ ಡ್ರೈವೇ ಇಲ್ಲ, ಆ ಕೆಲಸ ಪೆನ್‌ಡ್ರೈವಿನದು. ವಿಂಡೋಸ್‌ನಲ್ಲಿ ‘ರಿಕವರಿ ಡ್ರೈವ್’ ಎಂದು ಹುಡುಕಿದರೆ ಸಾಧನ ಸಿಗುತ್ತದೆ. 16 ಜಿಬಿ ಅಥವಾ ಅದಕ್ಕಿಂತ ದೊಡ್ಡದು ಬೇಕು. ಬರೆಯುವ ಮೊದಲು ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ರಿಕವರಿ ಡ್ರೈವ್ ಮಾಡಲು ಹೋಗಿ ಅದೇ ಪೆನ್‌ಡ್ರೈವಿನಲ್ಲಿದ್ದ ಫೋಟೊಗಳ ಬ್ಯಾಕಪ್ಪನ್ನು ಅಳಿಸಿಕೊಂಡವರೊಬ್ಬರನ್ನು ನಾನು ಬಲ್ಲೆ.