ಗ್ರಾಹಕರ ಮೇಲ್ ನಿಲ್ಲಿಸುವ ಅಧಿಕಾರ ಯಾರದು?

ವ್ಯಾಪಾರ ಸಂಸ್ಥೆಗಳಿಗೆ ಇಮೇಲ್ ಹೋಸ್ಟಿಂಗ್ ಒದಗಿಸುವ ಕಂಪನಿಯಿಂದ ಗ್ರಾಹಕರು ಏನನ್ನು ಕೊಳ್ಳುತ್ತಾರೆ ಎಂದು ಕೇಳಿದರೆ, ತಮ್ಮ ಡೊಮೇನ್ ಹೆಸರಿನ ಮೇಲ್‌ಬಾಕ್ಸ್‌ಗಳು, ಅವುಗಳಿಗೆ ಬೇಕಾದಷ್ಟು ಜಾಗ, ಸ್ಪ್ಯಾಮ್ ಮತ್ತು ವೈರಸ್ ಶೋಧನೆ, ತೊಂದರೆಯಾದಾಗ ಫೋನ್ ಎತ್ತುವ ಒಬ್ಬರು ಎಂಬ ಉತ್ತರ ಬರುತ್ತದೆ. ಬೆಲೆಪಟ್ಟಿಯಲ್ಲಿ ಬರೆದಿರುವುದೂ ಇಷ್ಟೇ. ಆದರೆ ಈ ಕ್ಷೇತ್ರದಲ್ಲಿ ದುಡಿಯುವವರ ದಿನದ ಬಹುಭಾಗ ಹೋಗುವುದು ಬೆಲೆಪಟ್ಟಿಯಲ್ಲಿ ಕಾಣದ ಇನ್ನೊಂದನ್ನು ಕಾಪಾಡುವುದಕ್ಕೆ. ನಮ್ಮ ಸರ್ವರ್‌ನಿಂದ ಹೊರಟ ಪತ್ರವನ್ನು ಬೇರೆಯವರ ಸರ್ವರ್ ನಂಬಿ ಒಳಗೆ ಬಿಟ್ಟುಕೊಳ್ಳಬೇಕು. ಆ ನಂಬಿಕೆಯನ್ನು ಉಳಿಸಿಕೊಳ್ಳಲು ಹಣ ಕೊಟ್ಟ ಗ್ರಾಹಕರದೇ ಮೇಲನ್ನು ಕೆಲವೊಮ್ಮೆ ನಾವೇ ನಿಲ್ಲಿಸಬೇಕಾಗುತ್ತದೆ. ಕಂಪನಿಯೊಳಗೆ ಈ ನಿರ್ಧಾರವನ್ನು ಯಾರು ತೆಗೆದುಕೊಳ್ಳುತ್ತಾರೆ ಎಂಬುದರ ಮೇಲೆ ಆ ಕಂಪನಿಯ ಸೇವೆ ಹೇಗಿದೆ ಎಂದು ಬಹುಮಟ್ಟಿಗೆ ಹೇಳಿಬಿಡಬಹುದು ಎಂಬುದು ನನ್ನ ಅಭಿಪ್ರಾಯ.

ಇಮೇಲ್ ಸಾಗುವ ಎಸ್‌ಎಂಟಿಪಿ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ ಅವರು 1982ರಲ್ಲಿ ಆರ್‌ಎಫ್‌ಸಿ 821 ಎಂಬ ದಾಖಲೆಯಲ್ಲಿ ವಿವರಿಸಿದರು. ಅದರ ಮೂಲ ನಡೆ ಇಂದಿಗೂ ಬದಲಾಗಿಲ್ಲ. ಕಳುಹಿಸುವ ಸರ್ವರ್ ಸಂಪರ್ಕ ಕೋರುತ್ತದೆ, ಪಡೆಯುವ ಸರ್ವರ್ ಮೂರಂಕಿಯ ಸಂಖ್ಯೆಯಲ್ಲಿ ಉತ್ತರಿಸುತ್ತದೆ. 250 ಎಂದರೆ ಸ್ವೀಕರಿಸಿದ್ದಾಯಿತು. 4ರಿಂದ ಆರಂಭವಾಗುವ ಸಂಖ್ಯೆ ಬಂದರೆ ಸದ್ಯಕ್ಕೆ ಆಗದು, ಮತ್ತೆ ಪ್ರಯತ್ನಿಸಿ. 5ರಿಂದ ಆರಂಭವಾದರೆ ಆ ಪತ್ರಕ್ಕೆ ಅಲ್ಲಿ ಪ್ರವೇಶವಿಲ್ಲ. ಸ್ವೀಕರಿಸುವ ಅಥವಾ ನಿರಾಕರಿಸುವ ಹಕ್ಕು ಪೂರ್ತಿಯಾಗಿ ಪಡೆಯುವವರದು. ಕಾರಣವನ್ನು ಬಿಡಿಸಿ ಹೇಳುವ ಹೊಣೆಯೂ ಅವರಿಗಿಲ್ಲ. ಹೀಗಿರುವಾಗ ನಾವು ಎಷ್ಟೇ ಒಳ್ಳೆಯ ಯಂತ್ರಗಳನ್ನು ಇಟ್ಟುಕೊಂಡರೂ, ಗ್ರಾಹಕರ ಪತ್ರ ಇನ್‌ಬಾಕ್ಸ್ ತಲುಪುವುದು ನಮ್ಮ ಬಗ್ಗೆ ಹೊರಗಿನವರಿಗೆ ಇರುವ ಅಭಿಪ್ರಾಯದ ಮೇಲೆ ನಿಂತಿರುತ್ತದೆ.

ಈ ಅಭಿಪ್ರಾಯ ಒಬ್ಬೊಬ್ಬ ಗ್ರಾಹಕರಿಗೆ ಪ್ರತ್ಯೇಕವಾಗಿ ರೂಪುಗೊಳ್ಳುವುದಿಲ್ಲ. ಸಾಮಾನ್ಯವಾಗಿ ಬಹಳಷ್ಟು ಸಂಸ್ಥೆಗಳ ಪತ್ರಗಳು ಒಂದೇ ಗುಂಪಿನ ಐಪಿ ವಿಳಾಸಗಳ (ಇಂಟರ್ನೆಟ್‌ನಲ್ಲಿ ಸರ್ವರ್‌ಗಳನ್ನು ಗುರುತಿಸುವ ಸಂಖ್ಯೆಗಳ) ಮೂಲಕ ಹೊರಗೆ ಹೋಗುತ್ತವೆ. ಒಂದೇ ಕೆರೆಯ ನೀರನ್ನು ಇಡೀ ಊರು ಬಳಸುವ ಹಾಗೆ ಇದು: ಒಂದು ದಡದಲ್ಲಿ ಹಾಕಿದ ಕೊಳೆ ಎಲ್ಲರ ಕೊಡಕ್ಕೂ ಬರುತ್ತದೆ. ಒಂದು ಸಂಸ್ಥೆಯ ಒಬ್ಬ ಗುಮಾಸ್ತರ ಪಾಸ್‌ವರ್ಡ್ ಕಳ್ಳರ ಕೈಸೇರಿ, ಅವರ ಮೇಲ್‌ಬಾಕ್ಸ್‌ನಿಂದ ರಾತ್ರಿಯಿಡೀ ಸ್ಪ್ಯಾಮ್ ಹೊರಟರೆ, ಸ್ಪ್ಯಾಮ್ ಕಳುಹಿಸುವ ವಿಳಾಸಗಳನ್ನು ಪಟ್ಟಿ ಮಾಡುವ ಸ್ಪ್ಯಾಮ್‌ಹೌಸ್‌ನಂತಹ ಸಂಸ್ಥೆಯ ಬ್ಲಾಕ್‌ಲಿಸ್ಟ್‌ನಲ್ಲಿ ಆ ಐಪಿ ವಿಳಾಸ ಸೇರಿಕೊಳ್ಳಬಹುದು. ಮರುದಿನ ಬೆಳಿಗ್ಗೆ ಅದೇ ವಿಳಾಸದಿಂದ ಹೊರಡುವ, ಈ ವಿಷಯವೇ ಗೊತ್ತಿರದ ಇನ್ನೊಂದು ಸಂಸ್ಥೆಯ ಬಿಲ್ಲು, ಟೆಂಡರ್, ಸಂದರ್ಶನದ ಪತ್ರ ಎಲ್ಲವೂ ಬೌನ್ಸ್ ಆಗಿ ಹಿಂದಿರುಗಬಹುದು.

ಕದ್ದ ಮೇಲ್‌ಬಾಕ್ಸನ್ನು ಗುರುತಿಸುವುದು ಸುಲಭವಲ್ಲ. ಕಳ್ಳರು ಸರಿಯಾದ ಪಾಸ್‌ವರ್ಡ್ ಕೊಟ್ಟು, ಮೇಲ್ ಕಳುಹಿಸಲೆಂದೇ ಇರುವ 587ನೇ ಪೋರ್ಟ್‌ನ ಮೂಲಕ, ಎಲ್ಲರಂತೆಯೇ ಒಳಗೆ ಬರುತ್ತಾರೆ. ಅವರು ಕಳುಹಿಸುವ ಪತ್ರ ನಮ್ಮದೇ ಸರ್ವರ್‌ನಿಂದ ಹೊರಡುವುದರಿಂದ ಆ ಡೊಮೇನಿನ ಪರವಾಗಿ ಪತ್ರ ಕಳುಹಿಸಲು ಯಾವ ಸರ್ವರ್‌ಗಳಿಗೆ ಅನುಮತಿ ಇದೆ ಎಂದು ನೋಡುವ ಎಸ್‌ಪಿಎಫ್ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ನಮ್ಮ ಸರ್ವರೇ ಅದಕ್ಕೆ ಪತ್ರ ಆ ಡೊಮೇನಿನದೇ ಎಂದು ಸಾರುವ ಡಿಕಿಮ್ ಎಂಬ ಡಿಜಿಟಲ್ ಸಹಿಯನ್ನೂ ಹಾಕಿಕೊಡುತ್ತದೆ. ಪತ್ರ ಯಾವ ಡೊಮೇನಿನ ಅನುಮತಿಯಿಂದ ಹೊರಟಿತು ಎಂಬುದನ್ನು ಮಾತ್ರ ಈ ಏರ್ಪಾಡುಗಳು ಹೇಳುತ್ತವೆಯೇ ಹೊರತು, ಕೀಲಿಮಣೆಯ ಮುಂದೆ ಕುಳಿತವರು ಯಾರು ಎಂಬುದನ್ನು ಹೇಳುವುದಿಲ್ಲ. ಆದ್ದರಿಂದ ಮೇಲ್ ದುರ್ಬಳಕೆಯನ್ನು ಗಮನಿಸುವ ಅಬ್ಯೂಸ್ ಡೆಸ್ಕ್‌ನಲ್ಲಿ ಕುಳಿತವರು ನಡವಳಿಕೆಯನ್ನು ನೋಡುತ್ತಾರೆ. ದಿನಕ್ಕೆ ಒಂದಿಪ್ಪತ್ತು ಪತ್ರ ಬರೆಯುತ್ತಿದ್ದ ಮೇಲ್‌ಬಾಕ್ಸ್ ಇದ್ದಕ್ಕಿದ್ದಂತೆ ನೂರಾರು ಹೊಸ ವಿಳಾಸಗಳಿಗೆ ಬರೆಯತೊಡಗುವುದು, ಅಸ್ತಿತ್ವದಲ್ಲೇ ಇಲ್ಲದ ವಿಳಾಸಗಳಿಂದ 550 ಎಂಬ ಉತ್ತರಗಳು ಸಾಲುಸಾಲಾಗಿ ಬರುವುದು, ಒಂದೇ ಗಂಟೆಯೊಳಗೆ ಎರಡು ದೂರದ ದೇಶಗಳಿಂದ ಲಾಗಿನ್ ಆಗಿರುವುದು, ಹೊರಹೋಗಲು ಕಾದಿರುವ ಪತ್ರಗಳ ಸಾಲು, ಅಂದರೆ ಕ್ಯೂ, ಕರಗದೆ ಬೆಳೆಯುತ್ತಲೇ ಇರುವುದು, ಇವೇ ಅವರಿಗೆ ಸಿಗುವ ಸುಳಿವುಗಳು. ಇವುಗಳಲ್ಲಿ ಒಂದೊಂದಕ್ಕೂ ನಿರಪರಾಧಿ ವಿವರಣೆ ಇರಬಹುದು. ಹಳೆಯ ಗ್ರಾಹಕರ ಪಟ್ಟಿಗೆ ಹಬ್ಬದ ಶುಭಾಶಯ ಕಳುಹಿಸಿದರೂ ಬೌನ್ಸ್‌ಗಳ ಸಾಲು ಬರುತ್ತದೆ. ಬೇರೆ ಊರಿನ ಸರ್ವರ್ ಮೂಲಕ ಸಂಪರ್ಕ ಒದಗಿಸುವ ವಿಪಿಎನ್ ಬಳಸಿದರೂ ದೇಶ ಬದಲಾದಂತೆ ಕಾಣುತ್ತದೆ. ಯಂತ್ರ ಎಚ್ಚರಿಕೆ ಕೊಡಬಹುದು, ಅಂತಿಮವಾಗಿ ತೂಗಿ ನೋಡಬೇಕಾದವರು ಮನುಷ್ಯರೇ.

ಅನುಮಾನ ಗಟ್ಟಿಯಾದಾಗ ಮಾಡಬೇಕಾದ ಕೆಲಸ ಚಿಕ್ಕದು, ಆದರೆ ಕ್ರಮ ತಪ್ಪಬಾರದು. ಮೊದಲು ಆ ಒಂದು ಮೇಲ್‌ಬಾಕ್ಸ್‌ನ ಹೊರಹೋಗುವ ಮೇಲನ್ನು ಮಾತ್ರ ತಡೆಯಬೇಕು. ಒಳಬರುವ ಮೇಲ್ ಬರುತ್ತಲೇ ಇರಲಿ, ಇಡೀ ಡೊಮೇನನ್ನು ಮುಚ್ಚುವ ಅಗತ್ಯ ಬಹಳ ಅಪರೂಪ. ಬಳಿಕ ಪಾಸ್‌ವರ್ಡ್ ಬದಲಿಸಿ, ತೆರೆದಿರುವ ಎಲ್ಲ ಸೆಷನ್‌ಗಳನ್ನೂ ಮುಚ್ಚಬೇಕು. ಪಾಸ್‌ವರ್ಡ್ ಬದಲಿಸಿ ಸೆಷನ್ ಮುಚ್ಚದಿದ್ದರೆ ಕಳ್ಳರು ಒಳಗೇ ಉಳಿದಿರಬಹುದು. ಕ್ಯೂನಲ್ಲಿ ಇನ್ನೂ ಉಳಿದಿರುವ ಪತ್ರಗಳನ್ನು ಅಳಿಸದೆ ಬದಿಗಿಡಬೇಕು, ಏಕೆಂದರೆ ಅವುಗಳ ನಡುವೆ ನಿಜವಾದ ಪತ್ರವೂ ಇರಬಹುದು. ಇಷ್ಟಾದ ಮೇಲೆ ಗ್ರಾಹಕರಿಗೆ ಫೋನ್ ಮಾಡಬೇಕು.

ಈ ಕ್ರಮವನ್ನು ಕೈಗೊಳ್ಳುವವರು ಬಹುತೇಕ ರಾತ್ರಿ ಶಿಫ್ಟ್‌ನ ಕಿರಿಯ ಸಿಬ್ಬಂದಿ. ಕಚೇರಿಗಳು ಮುಚ್ಚಿರುವ ಹೊತ್ತನ್ನೇ, ವಾರಾಂತ್ಯವನ್ನೇ ಕಳ್ಳರು ಆರಿಸಿಕೊಳ್ಳುವುದು ಹೆಚ್ಚು. ಆಗ ಆ ಕಿರಿಯರು ಮೇಲಿನವರನ್ನು ಎಬ್ಬಿಸಿ, ಅವರು ಮಾರಾಟ ವಿಭಾಗದವರನ್ನು ಕೇಳಿ, ದೊಡ್ಡ ಗ್ರಾಹಕರಾದ್ದರಿಂದ ಬೆಳಿಗ್ಗೆಯವರೆಗೆ ಕಾಯೋಣ ಎಂಬ ಉತ್ತರ ಬರುವಷ್ಟರಲ್ಲಿ ಹಾನಿ ಆಗಿಹೋಗಿರುತ್ತದೆ. ತಡೆಯುವ ಅಧಿಕಾರ ಸರ್ವರ್‌ನ ಚಟುವಟಿಕೆಯ ದಾಖಲೆಯಾದ ಲಾಗ್ ನೋಡುತ್ತಿರುವವರ ಕೈಯಲ್ಲೇ ಇರಬೇಕು, ಅದಕ್ಕೆ ಯಾರ ಅನುಮತಿಯೂ ಬೇಕಾಗಬಾರದು. ಮತ್ತೆ ತೆರೆಯುವುದಕ್ಕೆ ಮಾತ್ರ ಇನ್ನೊಬ್ಬರ ಒಪ್ಪಿಗೆ ಇರಲಿ ಎಂದು ನಾನು ದೃಢವಾಗಿ ನಂಬಿದ್ದೇನೆ. ಅಬ್ಯೂಸ್ ಡೆಸ್ಕ್ ಮಾರಾಟ ವಿಭಾಗದ ಕೆಳಗೆ ಇರಬಾರದು ಎಂಬುದೂ ಇದರಿಂದಲೇ ಹೊರಡುವ ಮಾತು. ತಿಂಗಳ ಗುರಿ ಹೊತ್ತವರನ್ನು ತಮ್ಮದೇ ಗ್ರಾಹಕರ ಮೇಲ್ ನಿಲ್ಲಿಸಿ ಎಂದು ಕೇಳುವುದು ಅವರಿಗೂ ನ್ಯಾಯವಲ್ಲ. ಇದಕ್ಕಿಂತ ಮುಖ್ಯವಾದದ್ದು, ತಡೆದದ್ದು ತಪ್ಪೆಂದು ಬೆಳಿಗ್ಗೆ ತಿಳಿದುಬಂದರೆ ಮೇಲಧಿಕಾರಿ ಏನು ಹೇಳುತ್ತಾರೆ ಎಂಬುದು. ಆ ಹೊತ್ತಿಗೆ ಕಾಣುತ್ತಿದ್ದ ಸುಳಿವುಗಳನ್ನು ನೋಡಿ ತಡೆದದ್ದು ಸರಿಯೇ ಎಂದು ಅವರು ಎಲ್ಲರೆದುರು ಹೇಳಿದರೆ, ಮುಂದಿನ ರಾತ್ರಿಯೂ ಡೆಸ್ಕ್‌ನವರು ಧೈರ್ಯವಾಗಿ ಕೆಲಸ ಮಾಡುತ್ತಾರೆ. ಗ್ರಾಹಕರ ಮುಂದೆ ಅವರನ್ನು ಬಿಟ್ಟುಕೊಟ್ಟರೆ, ಇನ್ನು ಮುಂದೆ ಯಾರೂ ಏನನ್ನೂ ತಡೆಯುವುದಿಲ್ಲ.

ಫೋನ್ ಕರೆಯ ಭಾರವನ್ನು ಹೊರುವವರು ಸಪೋರ್ಟ್‌ನವರು. “ನಮ್ಮ ಮೇಲ್ ನಿಲ್ಲಿಸೋಕೆ ನೀವು ಯಾರು? ದುಡ್ಡು ಕಟ್ಟೋದು ನಾವು” ಎಂಬ ಮಾತು ಬಂದೇ ಬರುತ್ತದೆ, ಆ ಸಿಟ್ಟಿಗೆ ಅರ್ಥವೂ ಇದೆ, ಏಕೆಂದರೆ ಅಂದು ಅವರ ಕೆಲಸ ನಿಂತಿದೆ. “ಸರ್, ನಿಮ್ಮ ಅಕೌಂಟ್ಸ್ ವಿಭಾಗದ ಮೇಲ್‌ಬಾಕ್ಸ್‌ಗೆ ರಾತ್ರಿ ಹೊರಗಿನವರು ಯಾರೋ ಲಾಗಿನ್ ಆಗಿದ್ದಾರೆ, ನಿಮ್ಮ ಹೆಸರಿನಲ್ಲಿ ಪತ್ರಗಳು ಹೋಗಿವೆ, ಉಳಿದ ಮೇಲ್‌ಬಾಕ್ಸ್‌ಗಳು ಸರಿಯಾಗಿಯೇ ನಡೆಯುತ್ತಿವೆ” ಎಂದು ಮೊದಲ ವಾಕ್ಯದಲ್ಲೇ ನಡೆದದ್ದನ್ನು ಹೇಳಿದರೆ ಸಂಭಾಷಣೆಯ ದಿಕ್ಕು ಬದಲಾಗುತ್ತದೆ. ನಿಯಮ ಉಲ್ಲಂಘನೆಯಾಗಿದೆ ಎಂದು ಆರಂಭಿಸಿದರೆ ಗ್ರಾಹಕರಿಗೆ ತಾವು ಆರೋಪಿಗಳೆಂಬ ಭಾವನೆ ಬರುತ್ತದೆ, ಆಮೇಲೆ ಎಷ್ಟು ವಿವರಿಸಿದರೂ ಅದು ಹೋಗುವುದಿಲ್ಲ. ಸಪೋರ್ಟ್‌ನವರು ಹೀಗೆ ಮಾತನಾಡಬೇಕಾದರೆ ಟಿಕೆಟ್‌ನಲ್ಲಿ ಡೆಸ್ಕ್‌ನವರು ಸ್ಪಷ್ಟವಾಗಿ ಬರೆದಿಟ್ಟಿರಬೇಕು: ಯಾವ ಹೊತ್ತಿಗೆ ಏನು ಕಂಡಿತು, ಏನನ್ನು ತಡೆಯಲಾಯಿತು, ಏನನ್ನು ತಡೆದಿಲ್ಲ. “ಸಸ್ಪೆಂಡ್ ಮಾಡಲಾಗಿದೆ” ಎಂಬ ಒಂದು ಸಾಲಿನ ಟಿಪ್ಪಣಿಯನ್ನು ಹಿಡಿದುಕೊಂಡು ಕೋಪಗೊಂಡ ಗ್ರಾಹಕರೊಡನೆ ಮಾತನಾಡಿ ಎಂದು ಸಹೋದ್ಯೋಗಿಗಳನ್ನು ಕಳುಹಿಸುವುದು ಕ್ರೂರವೇ ಸರಿ.

ಕಳೆದ ಕೆಲವು ವರ್ಷಗಳ ಸುದ್ದಿ ಈ ಕೆಲಸದ ಸ್ವರೂಪವನ್ನು ಬದಲಿಸಿದೆ. ಗೂಗಲ್ ಮತ್ತು ಯಾಹೂ 2023ರ ಅಕ್ಟೋಬರ್‌ನಲ್ಲಿ ಘೋಷಿಸಿದ ನಿಯಮಗಳು 2024ರ ಫೆಬ್ರವರಿಯಿಂದ ಜಾರಿಗೆ ಬಂದವು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೆ ಮುಟ್ಟುವಷ್ಟು ಪತ್ರ ಕಳುಹಿಸುವ ಡೊಮೇನ್‌ಗಳು ಎಸ್‌ಪಿಎಫ್, ಡಿಕಿಮ್ ಮತ್ತು ಆ ಪರೀಕ್ಷೆಗಳಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್, ಹೀಗೆ ಮೂರನ್ನೂ ಹೊಂದಿರಬೇಕು, ಪ್ರಚಾರದ ಪತ್ರಗಳನ್ನು ಒಂದೇ ಕ್ಲಿಕ್‌ನಲ್ಲಿ ನಿಲ್ಲಿಸುವ ಸೌಲಭ್ಯ ಕೊಡಬೇಕು, ಸ್ಪ್ಯಾಮ್ ಎಂದು ಗುರುತಿಸಲಾದ ಪತ್ರಗಳ ಪ್ರಮಾಣ ಶೇ. 0.3ನ್ನು ಮುಟ್ಟಬಾರದು. ಸಾವಿರ ಪತ್ರಗಳಲ್ಲಿ ಮೂರು ಎಂದರೆ ಎಷ್ಟು ಕಡಿಮೆ ಎಂಬುದು, ಎಲ್ಲಿಂದಲೋ ಕೊಂಡ ವಿಳಾಸಗಳ ಪಟ್ಟಿಗೆ ಪ್ರಚಾರ ಕಳುಹಿಸುತ್ತಿದ್ದ ಸಂಸ್ಥೆಗಳಿಗೆ ಬೇಗನೆ ಅರಿವಾಗುತ್ತದೆ. 2025ರ ಮೇ ತಿಂಗಳಿಂದ ಮೈಕ್ರೋಸಾಫ್ಟ್ ಕೂಡ ತನ್ನ ಔಟ್‌ಲುಕ್ ಡಾಟ್ ಕಾಮ್ ಸೇವೆಗೆ ಇಂತಹದೇ ನಿಯಮ ತಂದಿತು. ಇದರಿಂದಾಗಿ ಡೊಮೇನ್ ಹೆಸರಿನ ವಿವರಗಳನ್ನು ಇಡುವ ಡಿಎನ್‌ಎಸ್ ಎಂಬುದೊಂದು ಇದೆ ಎಂದು ಅದುವರೆಗೆ ಕೇಳಿಯೇ ಇರದ ಗ್ರಾಹಕರಿಗೆ ಅದರ ದಾಖಲೆಗಳನ್ನು ಫೋನ್‌ನಲ್ಲೇ ತಿದ್ದಿಸಬೇಕಾದ ಕೆಲಸ ಸಪೋರ್ಟ್‌ನವರ ಪಾಲಿಗೆ ಬಂತು. ಎಸ್‌ಪಿಎಫ್ ದಾಖಲೆಯಲ್ಲಿ ಡಿಎನ್‌ಎಸ್ ಹುಡುಕಾಟಗಳಿಗೆ 10ರ ಮಿತಿ ಇದೆ. ಪ್ರಚಾರಕ್ಕೊಂದು, ಬಿಲ್ಲಿಂಗ್‌ಗೊಂದು, ನೇಮಕಾತಿಗೊಂದು ಎಂದು ಹೊರಗಿನ ಸೇವೆಗಳನ್ನು ಸೇರಿಸುತ್ತಾ ಹೋದ ಸಂಸ್ಥೆಗಳು ಈ ಮಿತಿಯನ್ನು ದಾಟಿರುವುದೂ, ಅದರಿಂದ ಇಡೀ ದಾಖಲೆಯೇ ಕೆಲಸಕ್ಕೆ ಬಾರದಂತಾಗಿರುವುದೂ ಆಗ ಬೆಳಕಿಗೆ ಬರುತ್ತದೆ. ಕಷ್ಟವಾದರೂ ನಾನು ಈ ನಿಯಮಗಳನ್ನು ಸ್ವಾಗತಿಸುತ್ತೇನೆ. ಪ್ರಚಾರದ ಪತ್ರಗಳನ್ನು ಮಿತಿಯಲ್ಲಿಡಿ ಎಂದು ನಾವು ಹೇಳಿದಾಗ ಅದು ನಮ್ಮ ಮನೆಯ ಕಟ್ಟಳೆಯಂತೆ ಕೇಳಿಸುತ್ತಿತ್ತು. ಈಗ ಬೆರಳಿಟ್ಟು ತೋರಿಸಲು ಬಹಿರಂಗವಾದ ಅಳತೆಯೊಂದಿದೆ.

ಸದ್ದಿಲ್ಲದೆ ನಡೆಯುವ ಕಳ್ಳತನ ಸ್ಪ್ಯಾಮ್ ಕಳುಹಿಸುವ ಕಳ್ಳತನಕ್ಕಿಂತ ಅಪಾಯಕಾರಿ. ಮೇಲ್‌ಬಾಕ್ಸ್ ಕದ್ದವರು ಒಂದೂ ಸ್ಪ್ಯಾಮ್ ಕಳುಹಿಸದೆ, ವಾರಗಟ್ಟಲೆ ಪತ್ರಗಳನ್ನು ಓದುತ್ತಾ ಕುಳಿತು, ಸರಿಯಾದ ಸಮಯಕ್ಕೆ ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಒಂದೇ ಒಂದು ಪತ್ರವನ್ನು ಹಣ ಪಾವತಿಸಬೇಕಾದವರಿಗೆ ಕಳುಹಿಸುತ್ತಾರೆ. ಬರುವ ಉತ್ತರಗಳು ಮೇಲ್‌ಬಾಕ್ಸ್‌ನ ಮಾಲೀಕರಿಗೆ ಕಾಣದಂತೆ ಯಾವುದೋ ಮೂಲೆಯ ಫೋಲ್ಡರ್‌ಗೆ ಹೋಗುವ ನಿಯಮವೊಂದನ್ನು ಮೊದಲೇ ಬರೆದಿಟ್ಟಿರುತ್ತಾರೆ. ಇಂತಹ ವಂಚನೆಯಿಂದ ಆದ ನಷ್ಟದ ಬಗ್ಗೆ ಅಮೆರಿಕದ ಎಫ್‌ಬಿಐಗೆ 2023ರಲ್ಲಿ ಬಂದ ದೂರುಗಳ ಮೊತ್ತವೇ ಸುಮಾರು 290 ಕೋಟಿ ಡಾಲರ್. ಇಲ್ಲಿ ಕ್ಯೂ ಬೆಳೆಯುವುದಿಲ್ಲ, ಬೌನ್ಸ್ ಬರುವುದಿಲ್ಲ, ಪ್ರಮಾಣವನ್ನು ಅಳೆಯುವ ಯಾವ ಎಚ್ಚರಿಕೆಯೂ ಮೊಳಗುವುದಿಲ್ಲ. ಹಾಗಾಗಿ ಸ್ಪ್ಯಾಮ್‌ಗಾಗಿ ತಡೆದ ಮೇಲ್‌ಬಾಕ್ಸನ್ನು ಮತ್ತೆ ತೆರೆಯುವ ಮುನ್ನ ಅದರ ಫಾರ್ವರ್ಡ್ ವಿಳಾಸಗಳನ್ನೂ, ಸ್ವಯಂಚಾಲಿತ ನಿಯಮಗಳನ್ನೂ, ಆ್ಯಪ್ ಪಾಸ್‌ವರ್ಡ್‌ಗಳನ್ನೂ ಒಂದೊಂದಾಗಿ ನೋಡಬೇಕೆಂದು ನಾನು ಒತ್ತಾಯಿಸುತ್ತೇನೆ. ಬಾಕ್ಸ್ ಬೇಗ ತೆರೆದುಕೊಡಿ ಎಂಬ ಒತ್ತಡದಲ್ಲಿ ಮೊದಲು ಬಿಟ್ಟುಹೋಗುವುದು ಇದೇ ಹೆಜ್ಜೆ. ಎರಡು ಹಂತದ ದೃಢೀಕರಣವನ್ನು ಆ ಕ್ಷಣದಲ್ಲೇ ಜಾರಿಗೊಳಿಸುವುದು ಒಳ್ಳೆಯದು. ಘಟನೆ ಹಳತಾದ ಮೇಲೆ ಗ್ರಾಹಕರಿಗೆ ಅದರ ಅಗತ್ಯವನ್ನು ಒಪ್ಪಿಸುವುದು ಕಷ್ಟ.

ತಡೆಯುವ ಪ್ರಶ್ನೆ ಒಂದು ಮೇಲ್‌ಬಾಕ್ಸನ್ನು ಮೀರಿ ಇಡೀ ವ್ಯವಸ್ಥೆಗೆ ಎದುರಾಗುವ ದಿನಗಳೂ ಇವೆ. 2022ರ ಜನವರಿ 1ರಂದು ಲೋಕದಾದ್ಯಂತ ಸಂಸ್ಥೆಗಳು ತಾವೇ ನಡೆಸುತ್ತಿದ್ದ ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಮೇಲ್ ಸರ್ವರ್‌ಗಳಲ್ಲಿ ಮೇಲ್ ಕ್ಯೂನಲ್ಲೇ ನಿಂತುಬಿಟ್ಟಿತು. ವೈರಸ್ ಶೋಧಕದ ಆವೃತ್ತಿ ಸಂಖ್ಯೆಯನ್ನು ದಿನಾಂಕದಿಂದ ರೂಪಿಸಲಾಗುತ್ತಿತ್ತು. ಹೊಸ ವರ್ಷದ 2201010001 ಎಂಬ ಸಂಖ್ಯೆ, ಆ ತಂತ್ರಾಂಶ ಹಿಡಿದಿಡಬಲ್ಲ ಗರಿಷ್ಠ ಸಂಖ್ಯೆಯಾದ 2147483647ನ್ನು ಮೀರಿತು. ರಜೆಯ ದಿನ ಕರೆಗೆ ಓಗೊಟ್ಟ ಆಡಳಿತಗಾರರು, ಶೋಧಕವನ್ನು ಸ್ಥಗಿತಗೊಳಿಸಿ ಪತ್ರಗಳನ್ನು ಬಿಡುವುದೋ ಅಥವಾ ಸರಿಪಡಿಸುವ ದಾರಿ ಸಿಗುವವರೆಗೆ ಕಾಯುವುದೋ ಎಂದು ನಿರ್ಧರಿಸಬೇಕಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ರ‍್ಯಾಕ್‌ಸ್ಪೇಸ್ ಕಂಪನಿ ಕಡತಗಳನ್ನು ಬಂಧಿಸಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯ ನಂತರ ತನ್ನ ಹೋಸ್ಟೆಡ್ ಎಕ್ಸ್‌ಚೇಂಜ್ ವ್ಯವಸ್ಥೆಯನ್ನೇ ಸಂಪರ್ಕದಿಂದ ಕಡಿದುಹಾಕಿ, ಗ್ರಾಹಕರನ್ನು ಮೈಕ್ರೋಸಾಫ್ಟ್ 365ಕ್ಕೆ ಸಾಗಿಸಿತು. ಆ ಹಳೆಯ ಸೇವೆಯನ್ನು ಮತ್ತೆ ಕಟ್ಟಲಿಲ್ಲ. ಇಂತಹ ದಿನ ಸಪೋರ್ಟ್‌ನವರಿಗೆ ಒಂದು ತಿಳಿವಳಿಕೆ ಬಹಳ ಉಪಕಾರಿ. ಪಡೆಯುವ ಸರ್ವರ್ ಸಿಗದಿದ್ದರೆ ಕಳುಹಿಸುವ ಸರ್ವರ್ ಪತ್ರವನ್ನು ಕೂಡಲೇ ಬಿಸಾಡುವುದಿಲ್ಲ. ಕನಿಷ್ಠ 4–5 ದಿನ ಮತ್ತೆ ಮತ್ತೆ ಪ್ರಯತ್ನಿಸಬೇಕು ಎಂದು ಎಸ್‌ಎಂಟಿಪಿಯ ನಂತರದ ದಾಖಲೆಯಾದ ಆರ್‌ಎಫ್‌ಸಿ 5321 ಹೇಳುತ್ತದೆ. ಎಲ್ಲರೂ ಇದನ್ನು ಪೂರ್ತಿ ಪಾಲಿಸುವುದಿಲ್ಲವಾದರೂ, ಕೆಲವು ಗಂಟೆಗಳ ನಿಲುಗಡೆಯಲ್ಲಿ ಒಳಬರುವ ಪತ್ರಗಳು ಸಾಮಾನ್ಯವಾಗಿ ತಡವಾಗುತ್ತವೆಯೇ ಹೊರತು ಕಳೆದುಹೋಗುವುದಿಲ್ಲ ಎಂದು ಗ್ರಾಹಕರಿಗೆ ಧೈರ್ಯ ಹೇಳಬಹುದು.

ಗ್ರಾಹಕ ಸಂಸ್ಥೆಗಳಲ್ಲಿ ಇಮೇಲ್ ನೋಡಿಕೊಳ್ಳುವವರಿಗೆ ಒಂದು ಕೋರಿಕೆ ಇದೆ. ನಿಮ್ಮ ಹೋಸ್ಟಿಂಗ್ ಕಂಪನಿಯ ಖಾತೆಯಲ್ಲಿ ಸಂಪರ್ಕಕ್ಕೆಂದು ಕೊಟ್ಟಿರುವ ವಿಳಾಸ ಯಾವುದು ಎಂದು ಇವತ್ತೇ ನೋಡಿ. ಅದು ಅದೇ ಡೊಮೇನಿನ ಮೇಲ್‌ಬಾಕ್ಸ್ ಆಗಿದ್ದರೆ, ಆ ಬಾಕ್ಸ್ ಕಳ್ಳರ ಕೈಯಲ್ಲಿದ್ದಾಗ ನಾವು ಬರೆಯುವ ಎಚ್ಚರಿಕೆಯನ್ನು ಮೊದಲು ಓದುವವರೂ, ಅಳಿಸುವವರೂ ಕಳ್ಳರೇ. ಬೇರೆ ಡೊಮೇನಿನ ಒಂದು ವಿಳಾಸವನ್ನೂ, ರಾತ್ರಿಯೂ ಎತ್ತುವ ಒಂದು ಫೋನ್ ಸಂಖ್ಯೆಯನ್ನೂ ಅಲ್ಲಿ ದಾಖಲಿಸಿ. ಕೆಲಸ ಬಿಟ್ಟುಹೋದವರ ಹೆಸರು ಅಲ್ಲಿ ಉಳಿದಿದ್ದರೆ ತೆಗೆಸಿ.