ತೋಟದ ಮನೆಯ ಕಟ್ಟೆ: ಪಹಣಿ ನೋಡಿದಿರಿ, ಕೋಡಿ ಅಳೆದಿರಾ?

ಹೊಳಲ್ಕೆರೆ, ಚನ್ನಗಿರಿ ಕಡೆ ತೋಟ ಕೊಳ್ಳಲು ಬಂದವರಿಗೆ ಹಳ್ಳಕ್ಕೆ ಏರಿ ಹಾಕಿ ನಿಲ್ಲಿಸಿದ ನೀರು ಕಂಡರೆ ಸಾಕು, ದೋಣಿ, ಮೀನು, ದಡದಲ್ಲೊಂದು ಮನೆ ಎಲ್ಲ ಕಣ್ಣಮುಂದೆ ಬರುತ್ತದೆ. ಅಡ್ವಾನ್ಸ್ ಕೊಡುವ ಮೊದಲು ಪಹಣಿಯ ಖರಾಬು (ಸಾಗುವಳಿಗೆ ಬಾರದ ಜಾಗ) ಕಾಲಂ ನೋಡಿ. ಹಳ್ಳ ಸಾಮಾನ್ಯವಾಗಿ 'ಬಿ' ಖರಾಬು, ಅಂದರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಸುತ್ತಲ ಜಮೀನು ನಿಮ್ಮ ಹೆಸರಿಗಾದರೂ 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಹಳ್ಳ ಸರ್ಕಾರದ್ದೇ. ಅದಕ್ಕೆ ಅಡ್ಡ ಕಟ್ಟಿದ ಏರಿಗೆ ಅನುಮತಿ ಪತ್ರ ಇದೆಯೇ ಎಂದು ಕೇಳಿ. ಆಮೇಲೆ ಸರ್ವೆಯರ್ ಕೈಲಿ ಕೋಡಿಯ (ತುಂಬಿ ಹೆಚ್ಚಾದ ನೀರು ಹೊರಹೋಗುವ ದಾರಿಯ) ಮಟ್ಟಕ್ಕೆ ಸುತ್ತ ಗೂಟ ಹೊಡೆಸಿ. ಕೆರೆ ತುಂಬಿದಾಗ ನೀರು ಪಕ್ಕದವರ ಸರ್ವೆ ನಂಬರಿಗೆ ಹೋಗುವುದಾದರೆ ಅವರ ಒಪ್ಪಿಗೆ ಬಾಯಿಮಾತಿನಲ್ಲಿ ಉಳಿಯಬಾರದು, ನೋಂದಣಿಯಾಗಬೇಕು.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇಂಥ ಕಟ್ಟೆಗಳಿಗೆ ತಟ್ಟುವುದಿಲ್ಲ. ಅದು 15 ಮೀಟರ್ ಎತ್ತರ ಮೀರಿದವಕ್ಕೆ, ಮತ್ತೆ 10ರಿಂದ 15 ಮೀಟರಿನ ಕೆಲವಕ್ಕೆ. ಅಂದರೆ ತಪಾಸಣೆಗೆ ಯಾರೂ ಬರುವುದಿಲ್ಲ, ಹೊಣೆ ಮಾತ್ರ ಎಲ್ಲೂ ಹೋಗುವುದಿಲ್ಲ. ಮದ್ರಾಸ್ ಪ್ರಾಂತ್ಯದ ಒಬ್ಬ ಜಮೀನ್ದಾರರ ಕೆರೆಗಳು ಒಡೆದು ರೈಲು ಹಳಿ ಹಾಳಾದ ಮೊಕದ್ದಮೆಯಲ್ಲಿ ಆಗಿನ ಅತಿ ಮೇಲಿನ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ 1874ರಲ್ಲಿ ಅವರನ್ನು ಹೊಣೆಯಿಂದ ಬಿಟ್ಟಿತು. ಕಾರಣ, ಆ ಕೆರೆಗಳು ಊರಿಗೆ ಬೇಕಾದ ಹಳೆಯ ಕೆರೆಗಳು, ಕಾಪಾಡುವುದು ಅವರ ಕರ್ತವ್ಯ. ದೋಣಿವಿಹಾರದ ಕೆರೆಗೆ ಆ ರಕ್ಷಣೆ ಕೇಳಲು ಬಾಯಿ ಬಾರದು.

ಮಣ್ಣಿನ ಏರಿಗೆ ದೊಡ್ಡ ಶತ್ರು ಅದರ ತಲೆಯ ಮೇಲೆ ಹರಿಯುವ ನೀರು. ಜಲಾನಯನ 1 ಚದರ ಕಿ.ಮೀ. ಇದ್ದು, ಗಂಟೆಗೆ 50 ಮಿ.ಮೀ. ಮಳೆ ಬಿದ್ದು, ಅರ್ಧ ಹರಿದು ಬಂದರೆ ಸೆಕೆಂಡಿಗೆ ಸುಮಾರು 7 ಘನ ಮೀಟರ್. 12 ಮೀಟರ್ ಅಗಲದ ಕೋಡಿಯಲ್ಲಿ ಇದು ಅರ್ಧ ಮೀಟರ್ ಎತ್ತರದಲ್ಲಿ ಹೋಗುತ್ತದೆ. ಅದೇ ಕೋಡಿಯನ್ನು ದಾರಿಗೆಂದು ಮಣ್ಣು ತುಂಬಿ 4 ಮೀಟರಿಗೆ ಇಳಿಸಿದರೆ ನೀರು 1 ಮೀಟರ್ ಏರುತ್ತದೆ. ಏರಿಯ ತಲೆ ಕೋಡಿಗಿಂತ ಇರುವುದೇ ಸಾಮಾನ್ಯವಾಗಿ ಅಷ್ಟು ಎತ್ತರ! ಮೀನು ಓಡಬಾರದೆಂದು ಬಲೆ ಕಟ್ಟುವುದೂ ಇಷ್ಟೇ ಕೆಟ್ಟದ್ದು. ಮೊದಲ ಮಳೆಗೇ ಕಸ ಸಿಕ್ಕಿ ಅದು ಗೋಡೆಯಾಗುತ್ತದೆ. 'ಇಷ್ಟು ವರ್ಷ ಕೋಡಿ ಬಿದ್ದೇ ಇಲ್ಲ' ಎನ್ನುವವರು ಹಿರಿಯೂರಿನ ವಾಣಿವಿಲಾಸ ಸಾಗರ ನೋಡಲಿ. 1933ರ ನಂತರ ಅದು ಕೋಡಿ ಹರಿದದ್ದು 2022ರಲ್ಲಿ.

ಎರಡನೆಯ ಶತ್ರು, ಕೆರೆಯ ನೀರು ಹೊರಬಿಡುವ ತೂಬಿನ ಪೈಪು. ಏರಿ ಅಗೆದು ಪಿವಿಸಿ ಹಾಕಿ ಜೆಸಿಬಿಯಲ್ಲಿ ಮಣ್ಣು ಎಳೆದುಬಿಡುತ್ತಾರೆ. ಪೈಪಿನ ಅಡಿಹೊಟ್ಟೆಗೆ ಮಣ್ಣು ಸೇರುವುದೇ ಇಲ್ಲ, ಆ ಸಂದಿನಲ್ಲೇ ನೀರು ದಾರಿ ಹುಡುಕುತ್ತದೆ. ಹದವಾದ ತೇವದ ಮಣ್ಣನ್ನು 15 ಸೆಂ.ಮೀ. ಪದರಗಳಲ್ಲಿ ಕೈದಿಮ್ಮಿಸೆಯಿಂದ ಕುಟ್ಟಬೇಕು. ಹೊರಬದಿಯ ಮೂರನೇ ಒಂದು ಭಾಗದಲ್ಲಿ ಪೈಪಿನ ಸುತ್ತ ಮರಳಿನ ಸೋಸು ಪಟ್ಟಿ ಕೊಡಬೇಕು.

ಎರೆಮಣ್ಣಿನ ಏರಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ತಲೆಯ ಮೇಲೆ ಒಂದಡಿ ಗ್ರಾವೆಲ್ ಹೊದಿಸಿ. ಬಳ್ಳಾರಿ ಜಾಲಿಯನ್ನು ಸಸಿಯಿರುವಾಗಲೇ ಕೀಳಿ. ದೊಡ್ಡದಾದ ಮೇಲೆ ಕಡಿದರೆ ಬೇರು ಕೊಳೆತು ಸುರಂಗವಾಗುತ್ತದೆ. ಹೂಳು ತೆಗೆಯಲೆಂದು ನೀರು ಬಿಡುವಾಗ ದಿನಕ್ಕೆ ಒಂದಡಿ ಸಾಕು. ಒಮ್ಮೆಲೇ ಇಳಿಸಿದರೆ ನೆನೆದ ಒಳಮೈ ಜಾರುತ್ತದೆ.

ಕೆರೆ ತುಂಬಿದಾಗ ವಾರಕ್ಕೊಮ್ಮೆ ಏರಿಯ ಹೊರಬುಡದಲ್ಲಿ ನಡೆಯಿರಿ. ಜಿನುಗು ಕಂಡರೆ ಗಾಜಿನ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ. ತಿಳಿಯಾಗಿದ್ದರೆ ಎಷ್ಟು ಬರುತ್ತಿದೆಯೆಂದು ಬರೆದಿಡಿ. ತಳದಲ್ಲಿ ಮಣ್ಣು ಕೂತರೆ ಏರಿಯ ಒಡಲು ಕರಗುತ್ತಿದೆ ಎಂದೇ ತಿಳಿಯಿರಿ. ಹೊರಗಿನಿಂದ ಜೇಡಿ ಮೆತ್ತಬೇಡಿ, ನೀರು ಇನ್ನೊಂದು ಕಡೆ ಒಡೆದುಕೊಳ್ಳುತ್ತದೆ. ಮೊದಲು ಮರಳು, ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹೇರಿ: ನೀರು ಹೋಗಲಿ, ಮಣ್ಣು ನಿಲ್ಲಲಿ. ತೂಬು ತೆರೆದು ನೀರು ಬಿಡಿ. ಹಳ್ಳದ ಕೆಳಗಿನ ಮನೆಯವರಿಗೆ ಆಗಲೇ ಫೋನ್ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ.