ಕಣಜ ತುಂಬಿದೆ, ಬಾಗಿಲಿಗೆ ಬೀಗ

ರಾತ್ರಿ 2 ಗಂಟೆಗೆ ಅಲಾರಂ ಹೊಡೆಯುತ್ತದೆ. ಅಮ್ಮ ಎದ್ದು ಅಡುಗೆಮನೆಯ ಲೈಟ್ ಹಾಕುತ್ತಾಳೆ. ಕಾರ್ನ್‌ಫ್ಲೋರ್ ತೂಕ ಮಾಡಿ, ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ನಿದ್ದೆಗಣ್ಣಿನ ಮಗುವಿಗೆ ಕುಡಿಸುತ್ತಾಳೆ. ಗೋಬಿ ಮಂಚೂರಿಗೆ ಹಾಕ್ತಾರಲ್ವಾ, ಅದೇ ಕಾರ್ನ್‌ಫ್ಲೋರ್. ಒಂದು ರಾತ್ರಿ ಅಲಾರಂ ಕೇಳಿಸದೆ ಹೋದರೆ ಮಗುವಿಗೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತು ಬರಬಹುದು.

ಕಾಯಿಲೆಯ ಹೆಸರು ಗ್ಲೈಕೋಜನ್ ಸ್ಟೋರೇಜ್ ಡಿಸೀಸ್, ಮೊದಲನೇ ವಿಧ. ಸುಮಾರು 1 ಲಕ್ಷ ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ. ಹೊಟ್ಟೆ ಉಬ್ಬಿರುತ್ತದೆ, ಕೆನ್ನೆ ಗೊಂಬೆಯಂತೆ ತುಂಬಿರುತ್ತದೆ, ಆದರೆ ಮಗು ಎತ್ತರ ಬೆಳೆಯುವುದಿಲ್ಲ.

ಊಟವಾದ ಮೇಲೆ ಮಿಕ್ಕ ಸಕ್ಕರೆಯನ್ನು ಲಿವರ್ ಕೂಡಿಡುತ್ತದೆ, ಹಸಿದಾಗ ಬಿಚ್ಚಿ ಕೊಡುತ್ತದೆ. ಇದನ್ನು ಕಂಡುಹಿಡಿದವನು ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್. 1855ರಲ್ಲಿ ಆತ ಆಗಷ್ಟೇ ಸತ್ತ ನಾಯಿಯ ಲಿವರ್ ಒಳಗೆ ನೀರು ಹರಿಸಿ, ಸಕ್ಕರೆಯೆಲ್ಲ ಹೋಗುವ ತನಕ ತೊಳೆದ. ಮರುದಿನ ನೋಡಿದರೆ ಅದರಲ್ಲಿ ಮತ್ತೆ ಸಕ್ಕರೆ! ಎರಡು ವರ್ಷದ ನಂತರ ಆ ದಾಸ್ತಾನನ್ನೇ ಹೊರತೆಗೆದು ಗ್ಲೈಕೋಜನ್ ಎಂದು ಹೆಸರಿಟ್ಟ.

1929ರಲ್ಲಿ ಜರ್ಮನಿಯ ಎಡ್ಗರ್ ಫಾನ್ ಗೀರ್ಕೆ ಸತ್ತ ಇಬ್ಬರು ಮಕ್ಕಳ ವಿಷಯ ಬರೆದ. ಲಿವರ್, ಕಿಡ್ನಿ ಎರಡೂ ಗ್ಲೈಕೋಜನ್‌ನಿಂದ ಊದಿಕೊಂಡಿದ್ದವು. ಕಣಜ ತುಂಬಿತ್ತು, ಮನೆ ಉಪವಾಸ ಬಿದ್ದಿತ್ತು. ಯಾಕೆ ಅನ್ನೋದು ತಿಳಿಯಲು ಇನ್ನೂ 23 ವರ್ಷ ಬೇಕಾಯಿತು.

ಉತ್ತರ ಕೊಟ್ಟವರು ಪ್ರಾಗ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಗರ್ಟಿ ಮತ್ತು ಕಾರ್ಲ್ ಕೋರಿ ದಂಪತಿ. ಅಷ್ಟರಲ್ಲಿ ಇಬ್ಬರಿಗೂ ನೊಬೆಲ್ ಬಂದಿತ್ತು. ಗ್ಲೈಕೋಜನ್ ಒಡೆದಾಗ ಬರುವ ಸಕ್ಕರೆಗೆ ಫಾಸ್ಫೇಟ್ ಅಂಟಿಕೊಂಡಿರುತ್ತದೆ. ಅದನ್ನು ಕಿತ್ತರೆ ಮಾತ್ರ ಸಕ್ಕರೆ ರಕ್ತಕ್ಕೆ ಇಳಿಯುತ್ತದೆ. ಕೀಳುವ ಕಿಣ್ವ ಗ್ಲೂಕೋಸ್-6-ಫಾಸ್ಫಟೇಸ್. ಕೆಲವು ರೋಗಿಗಳ ಲಿವರ್‌ನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಎಂದು ಅವರು 1952ರಲ್ಲಿ ತೋರಿಸಿದರು. ಹುಟ್ಟಿನಿಂದ ಬಂದ ಕಾಯಿಲೆಗೆ ಲಿವರ್‌ನ ಇಂಥದ್ದೇ ಕಿಣ್ವದ ಕೊರತೆ ಕಾರಣ ಎಂದು ಬೊಟ್ಟು ಮಾಡಿದ್ದು ಅದೇ ಮೊದಲು.

ಹಣ್ಣು, ಜೇನಿನ ಫ್ರಕ್ಟೋಸ್, ಹಾಲಿನ ಸಕ್ಕರೆ ಕೂಡ ಗ್ಲೂಕೋಸ್ ಆಗಿ ರಕ್ತಕ್ಕೆ ಬರಬೇಕಾದರೆ ಇದೇ ಬಾಗಿಲು ದಾಟಬೇಕು. ಹಾಗಾಗಿ ಬಾಳೆಹಣ್ಣು, ಬೆಲ್ಲ, ಹಾಲು ಈ ಮಕ್ಕಳಿಗೆ ಆಗಿಬರುವುದಿಲ್ಲ. ಒಳಗೇ ಸಿಕ್ಕಿಬಿದ್ದ ಸಕ್ಕರೆ ಕೊಬ್ಬು, ಲ್ಯಾಕ್ಟಿಕ್ ಆಮ್ಲವಾಗಿ ಬದಲಾಗುತ್ತದೆ. ಸುಸ್ತಾದ ಮೊಮ್ಮಗುವಿಗೆ ಅಜ್ಜಿ ಪ್ರೀತಿಯಿಂದ ಬೆಲ್ಲದ ಪಾನಕ ಕೊಡುತ್ತಾರೆ ಅಂತಿಟ್ಟುಕೊಳ್ಳಿ. ಅದರಲ್ಲಿ ಅರ್ಧದಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ, ಉಳಿದರ್ಧ ತೊಂದರೆಯನ್ನೇ ಹೆಚ್ಚಿಸುತ್ತದೆ.

1970ರ ದಶಕದಲ್ಲಿ ಮೂಗಿನ ನಳಿಕೆಯಿಂದ ರಾತ್ರಿಯಿಡೀ ಆಹಾರ ಹರಿಸುವ ಕ್ರಮ ಬಂತು. 1984ರಲ್ಲಿ ಅಮೆರಿಕದಲ್ಲಿ ಯುವಾನ್-ತ್ಸೊಂಗ್ ಚೆನ್ ಮತ್ತು ಸಂಗಡಿಗರು ಹಸಿ ಕಾರ್ನ್‌ಫ್ಲೋರ್ ಸಾಕು ಎಂದು ತೋರಿಸಿದರು. ಹಸಿ ಪಿಷ್ಟ ನಿಧಾನವಾಗಿ ಕರಗುತ್ತದೆ, ನಾಲ್ಕೈದು ಗಂಟೆ ಸಕ್ಕರೆ ಕೊಡುತ್ತದೆ. ಬೇಯಿಸಿದರೆ ಕೆಟ್ಟಿತು: ಬೇಗ ಜೀರ್ಣವಾಗಿ ಸಕ್ಕರೆ ಬೇಗ ಮುಗಿಯುತ್ತದೆ. ನಮ್ಮ ಕೈಗೆ ಹಿಟ್ಟು ಸಿಕ್ಕರೆ ಗಂಜಿ ಕಾಯಿಸುವ ಅಭ್ಯಾಸ, ಇಲ್ಲಿ ಅದೇ ತಪ್ಪು.

ಜೀನ್ ಸಿಕ್ಕಿದ್ದು 1993ರಲ್ಲಿ. ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಕಾಯಿಲೆ. ಇಬ್ಬರ ಬಳಿಯೂ ಅದಿದ್ದರೆ ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಸೋದರಮಾವನನ್ನೇ ಮದುವೆಯಾಗುವ ನಮ್ಮ ಕಡೆ ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಲಿವರ್ ಕಸಿ ಅನಿವಾರ್ಯವಾದರೆ, 2021ರ ಕೇಂದ್ರದ ಅಪರೂಪದ ಕಾಯಿಲೆಗಳ ನೀತಿಯಡಿ ಕಸಿಗೆ ನೆರವು ಸಿಗುವ ಕಾಯಿಲೆಗಳ ಪಟ್ಟಿಯಲ್ಲಿ ಇದೂ ಇದೆ.

ಈಗ ಸರಿಯಾದ ಜೀನನ್ನು ವೈರಸ್ ಮೇಲೆ ಹೊರಿಸಿ ಲಿವರ್‌ಗೆ ಕಳಿಸುವ ಪ್ರಯೋಗ ನಡೆದಿದೆ. ಅದರಲ್ಲಿ ಮುಖ್ಯವಾಗಿ ಅಳೆದದ್ದು ಏನು ಗೊತ್ತಾ? ದಿನಕ್ಕೆ ತಿನ್ನುವ ಕಾರ್ನ್‌ಫ್ಲೋರ್ ಎಷ್ಟು ಕಡಿಮೆಯಾಯಿತು ಅನ್ನೋದು.